ಪಂಪ್ ಮಾರುವವರಿಗೆ ಬಿಟ್ಟಂಗಾಲದಿಂದ ಒಂದು ಬಹಿರಂಗ ಪತ್ರ

ತೋಟಗಳಿಗೆ ಪಂಪ್, ಪೈಪ್, ಸ್ಪ್ರಿಂಕ್ಲರ್ ಮಾರುವ ಮಾನ್ಯರೇ,

ಹೂಮಳೆ ಕೈಕೊಟ್ಟ ವರ್ಷ ವಿರಾಜಪೇಟೆ ಸುತ್ತಿನ ರೋಬಸ್ಟಾ ತೋಟಗಳಲ್ಲಿ ಫೆಬ್ರವರಿ, ಮಾರ್ಚ್ ಬಂತೆಂದರೆ ಕೆರೆದಡದಲ್ಲಿ ಪಂಪ್ ಕೂರಿಸಲೇಬೇಕು. ಮೊಗ್ಗಿಗೆ ಆಗ ಬೀಳುವ ನೀರಿನ ಮೇಲೆ ವರ್ಷದ ಫಸಲೇ ನಿಂತಿದೆ. ಆದರೆ ನೀವು ಕೊಡುವ ಸಾಮಾನುಗಳ ಮೇಲಿನ ಲೆಕ್ಕ ಒಂದಕ್ಕೊಂದು ಕೂಡುವುದಿಲ್ಲ. ಪಂಪಿನ ಮೇಲೆ ‘ಹೆಡ್ ಇಷ್ಟು ಮೀಟರ್’, ಪೈಪಿನ ಮೇಲೆ ‘ಇಷ್ಟು ಕೆ.ಜಿ.’, ಸ್ಪ್ರಿಂಕ್ಲರ್ ಪಟ್ಟಿಯಲ್ಲಿ ಬಾರ್, ಗೇಜಿನಲ್ಲಿ ಪಿಎಸ್‌ಐ. ನಾಲ್ಕೂ ಹೇಳುವುದು ಒತ್ತಡವನ್ನೇ, ಅಂದರೆ ಇಂತಿಷ್ಟು ಜಾಗದ ಮೇಲೆ ಬೀಳುವ ಬಲವನ್ನು.

ನೀವು ‘6 ಕೆ.ಜಿ. ಪೈಪ್’ ಎಂದಾಗ ತೂಕವಷ್ಟೇ ಕಿವಿಗೆ ಬೀಳುತ್ತದೆ, ಜಾಗ ಮರೆಯಾಗುತ್ತದೆ. ಅದು ಒಂದು ಚದರ ಸೆಂಟಿಮೀಟರಿಗೆ 6 ಕೆ.ಜಿ. ಭಾರದ ಒತ್ತಡ. ಪಿಎಸ್‌ಐ ಎಂದರೆ ಒಂದು ಚದರ ಇಂಚಿನ ಮೇಲೆ ಇಷ್ಟು ಪೌಂಡ್. ನೆನಪಿಡಬೇಕಾದ ಲೆಕ್ಕ ದೊಡ್ಡದೇನಲ್ಲ: 10 ಮೀಟರ್ ಹೆಡ್, ಅಂದರೆ 10 ಮೀಟರ್ ಎತ್ತರದ ನೀರು, ಎಂದರೆ 1 ಕೆ.ಜಿ.; ಅದೇ ಸುಮಾರು 0.98 ಬಾರ್, 98 ಕಿಲೋಪಾಸ್ಕಲ್, 14.2 ಪಿಎಸ್‌ಐ.

ಇಷ್ಟು ತಿಳಿಯದಿದ್ದರೆ ಏನಾಗುತ್ತದೆಂದು ನೋಡಿ. ಕೆರೆಯಿಂದ 30 ಮೀಟರ್ ಮೇಲಿರುವ ಏರಿನಲ್ಲಿ ಸ್ಪ್ರಿಂಕ್ಲರ್ ತಿರುಗಬೇಕು, ಅದಕ್ಕೆ 3 ಬಾರ್ ಬೇಕು ಎಂದಿಟ್ಟುಕೊಳ್ಳಿ. 3 ಬಾರ್ ಎಂದರೆ ಸುಮಾರು 30 ಮೀಟರ್ ಹೆಡ್. ಏರಿನ 30 ಸೇರಿದರೆ 60. ಪೈಪಿನೊಳಗಿನ ತಿಕ್ಕಾಟಕ್ಕೆ ಇನ್ನೊಂದು 10 ಹಿಡಿದರೆ 70 ಮೀಟರ್. ಪಂಪಿನ ಬಾಯಲ್ಲಿ ಅದು 7 ಕೆ.ಜಿ., ಗೇಜಿನಲ್ಲಿ ಹತ್ತಿರ ಹತ್ತಿರ 100 ಪಿಎಸ್‌ಐ. 50 ಮೀಟರ್ ಹೆಡ್‌ನ ಪಂಪ್ ತಂದವನ ಮೇಲಿನ ಸಾಲಿಗೆ ನೀರು ಸರಿಯಾಗಿ ಹಾರದು. ಸರಿಯಾದ ಪಂಪನ್ನೇ ತಂದು 6 ಕೆ.ಜಿ. ಪೈಪ್ ಜೋಡಿಸಿದವನ ಪೈಪ್, ಪಂಪಿನ ಹತ್ತಿರವೇ ಒಡೆಯಬಹುದು. ಪಕ್ಕದಲ್ಲಿ ನಿಂತ ಕೆಲಸಗಾರನಿಗೆ ಅದು ಅಪಾಯ.

ಇನ್ನೊಂದು ಮಾತು. ಗೇಜ್ ಸೊನ್ನೆ ತೋರಿಸಿದಾಗ ಒತ್ತಡವೇ ಇಲ್ಲ ಎಂದಲ್ಲ. ಸುತ್ತಲಿನ ಗಾಳಿಯ ಒತ್ತಡವನ್ನು ಅದು ಸೊನ್ನೆ ಎಂದು ಹಿಡಿದಿರುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಕಡೆ ಅದು 91ರ ಆಸುಪಾಸಿಗೆ ಇಳಿದಿರುತ್ತದೆ. ಪಂಪ್ ನೀರೆಳೆಯುವುದು ಈ ಗಾಳಿಯ ಬಲದಿಂದಲೇ. ಹಾಗಾಗಿ ಮಂಗಳೂರಿನಲ್ಲಿ ಎಳೆಯುವಷ್ಟು ಆಳದಿಂದ ಅದೇ ಪಂಪ್ ಇಲ್ಲಿ ಎಳೆಯದು. ಹೆಚ್ಚುಕಮ್ಮಿ ಒಂದು ಮೀಟರ್ ಕಡಿಮೆ. ಕೆರೆಯ ನೀರು ತಳ ಕಾಣುವ ಏಪ್ರಿಲ್‌ನಲ್ಲಿ ಆ ಒಂದು ಮೀಟರ್ ಸಣ್ಣದಲ್ಲ.

ನಮ್ಮ ದೇಶ ಮೆಟ್ರಿಕ್ ಅಳತೆಯನ್ನು ಕಾನೂನಾಗಿ ಒಪ್ಪಿಕೊಂಡದ್ದು 1956ರಲ್ಲಿ. ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ಪಾಸ್ಕಲ್ ಎಂಬ ಹೆಸರು ಬಂದದ್ದು 1971ರಲ್ಲಿ. ಒಂದು ಚದರ ಮೀಟರಿನ ಮೇಲೆ ಒಂದು ನ್ಯೂಟನ್ ಬಲ, ಅದೇ ಒಂದು ಪಾಸ್ಕಲ್. ಇಷ್ಟು ವರ್ಷಗಳಾದ ಮೇಲೂ ರೈತ ನಾಲ್ಕು ಮಾನಗಳ ನಡುವೆ ಅಂದಾಜಿನಲ್ಲಿ ದುಡ್ಡು ಹಾಕುವುದು ನ್ಯಾಯವಲ್ಲ.

ಆದ್ದರಿಂದ ನನ್ನ ಕೋರಿಕೆ ಮೂರು. ಪಂಪ್, ಪೈಪ್, ಸ್ಪ್ರಿಂಕ್ಲರ್ ಮೂರರ ಮೇಲೂ ಕಿಲೋಪಾಸ್ಕಲ್ ಬರೆಯಿರಿ, ಪಕ್ಕದಲ್ಲಿ ರೂಢಿಯ ಮಾನವೂ ಇರಲಿ. ಬಿಲ್ಲಿನ ಹಿಂದೆ ಪರಿವರ್ತನೆಯ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ. ತೋಟದ ಏರು ಎಷ್ಟು, ಪೈಪ್ ಎಷ್ಟು ಉದ್ದ ಎಂದು ಕೇಳಿ ಲೆಕ್ಕ ಹಾಕದೆ ಪಂಪ್ ಮಾರಬೇಡಿ.

ಬೆಳೆಗಾರ ಬಂಧುಗಳೇ, ಅಂಗಡಿಯವರು ಬರೀ ಅಂಕಿ ಹೇಳಿದರೆ ಒಪ್ಪಬೇಡಿ. ಯಾವ ಮಾನದಲ್ಲಿ ಎಂದು ಕೇಳಿ, ತಿಳಿದುಕೊಂಡ ಮೇಲೆಯೇ ದುಡ್ಡು ಕೊಡಿ.

ಇಂತು ತಮ್ಮ ವಿಶ್ವಾಸಿ,
ಬಿಟ್ಟಂಗಾಲದ ಒಬ್ಬ ಕಾಫಿ ಬೆಳೆಗಾರ