ಮಷೀನ್ ಕಾಕಾ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ, ನೌಕರಿ ಮುಗಿದ ಮೇಲೆ ಮನೆಯ ಹಿಂದಿನ ಖೋಲಿಯನ್ನು ಕಟಗಿ ಕೆಲಸಕ್ಕೆಂದು ಖಾಲಿ ಮಾಡಿಸಿ, ಅದರ ಅಳತೆಗೆ ಮೀರಿದ ಯಂತ್ರವೊಂದನ್ನು ಹೊಸದಾಗಿ ಕೊಂಡು ತರುವ ಗೃಹಸ್ಥರೇ ಮಷೀನ್ ಕಾಕಾ. ವಯಸ್ಸು ಅರವತ್ತರ ಆಚೀಚೆ. ಅಂಗಿಯ ಜೇಬಿನಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು. ಇವೆರಡೂ ಯಂತ್ರ ಬರುವ ಒಂದು ವರ್ಷ ಮೊದಲೇ ಅಲ್ಲಿಗೆ ಬಂದು ಕೂತಿರುತ್ತವೆ.

ಈ ಸೀಮೆ ಕಲ್ಲಿನದು. ನೆಲದಡಿಯ ಸುಣ್ಣಕಲ್ಲನ್ನು ಪದರು ಪದರಾಗಿ ಎಬ್ಬಿಸಿದರೆ ಶಹಾಬಾದ್ ಫರಸಿ, ಸುಟ್ಟು ಅರೆದರೆ ಸಿಮೆಂಟು. ಮನೆಯ ನೆಲಕ್ಕೆ ಫರಸಿ, ಅಡುಗೆ ಕಟ್ಟೆಗೆ ಫರಸಿ, ಗೋಡೆಗೂಡಿಗೆ ಫರಸಿ. ಅನೇಕ ಹಳೆಯ ಮನೆಗಳಲ್ಲಿ ಬಾಗಿಲ ಚೌಕಟ್ಟೂ ಕಲ್ಲಿನದೇ. ಮರಕ್ಕೆ ಉಳಿದದ್ದು ಬಾಗಿಲ ಹಲಗೆ, ಮಂಚ, ಲಟ್ಟಣಿಗೆ. ಕಾಡೆಂದು ತೋರಿಸಲು ಚಿಂಚೋಳಿಯ ವನ್ಯಜೀವಿಧಾಮ ಇದೆ, ಆದರೆ ಅಲ್ಲಿಯ ಮರ ಕಣ್ಣಿಗೆ ಮಾತ್ರ. ಇಂಥ ಕಡೆ ಮರದ ಯಂತ್ರದ ಮೋಹ ಹುಟ್ಟಿದ್ದು ಹೇಗೆಂದು ಕೇಳಿದರೆ ಕಾರ್ಖಾನೆಗಳ ಕಡೆ ನೋಡಬೇಕು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅದರಲ್ಲಿ ಶಹಾಬಾದಿನದೂ ಒಂದು. ಮುಂದೆ ಅದೇ ಊರಲ್ಲಿ ಬಾಯ್ಲರು ಮತ್ತು ಸಿಮೆಂಟ್ ಯಂತ್ರಗಳನ್ನು ಮಾಡುವ ಎಸಿಸಿ–ವಿಕರ್ಸ್–ಬ್ಯಾಬ್‌ಕಾಕ್ ಬಂತು. 1968ರಲ್ಲಿ ವಾಡಿಯ ಕಾರ್ಖಾನೆ, 1980ರ ದಶಕದಲ್ಲಿ ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ. ಮೂವತ್ತು ವರ್ಷ ಗಡಗಡ ತಿರುಗುವ ಕಿಲನ್ನಿನ ಪಕ್ಕ ನಿಂತು ಪಗಾರ ಎಣಿಸಿದವರಿಗೆ, ಮನೆಯಲ್ಲಿ ಮಿಕ್ಸರ್ ಒಂದು ಬಿಟ್ಟರೆ ತಿರುಗುವ ವಸ್ತುವೇ ಇಲ್ಲ ಎಂಬುದು ನಿವೃತ್ತಿಯ ಮೊದಲ ವಾರದಲ್ಲೇ ತಿಳಿಯುತ್ತದೆ. ಆ ಮಿಕ್ಸರಿನ ಹತ್ತಿರವೂ ಅವರನ್ನು ಬಿಟ್ಟುಕೊಳ್ಳುವುದಿಲ್ಲ. ಕಬ್ಬಿಣದ ಕೆಲಸ ಶುರುಮಾಡಿದರೆ ಓಣಿ ಜಗಳಕ್ಕೆ ಬರುತ್ತದೆ. ಕಟಗಿ ಕೆಲಸಕ್ಕೆ ಮಾತ್ರ ಸಾತ್ವಿಕವೆಂಬ ಹೆಸರಿದೆ.

ಊರಿನಿಂದ ಊರಿಗೆ ಕಾಕಾನ ಗುಣ ಸ್ವಲ್ಪ ಬದಲಾಗುತ್ತದೆ. ಶಹಾಬಾದಿನವರು ಮಿಲಿಮೀಟರಿನ ನೂರನೇ ಭಾಗದಲ್ಲಿ ಯೋಚಿಸುವವರು. ಬಡಿಗೇರರು ಇಂಚು–ಸೂತಿನ ಲೆಕ್ಕ ಹೇಳಿದರೆ ಮರುಕದಿಂದ ನಗುತ್ತಾರೆ, ಜೋಳದ ರೊಟ್ಟಿಯ ದಪ್ಪಕ್ಕೂ ವರ್ನಿಯರ್ ಹಿಡಿಯುತ್ತಾರೆ. ವಾಡಿಯವರು ಜಂಕ್ಷನ್ನಿನ ಗಾಳಿ ಕುಡಿದವರು. ವ್ಯಾಗನ್ನಿನಲ್ಲಿ ಬರದಷ್ಟು ಹಗುರವಾದ ಯಾವುದಕ್ಕೂ ಅವರಲ್ಲಿ ಮರ್ಯಾದೆ ಇಲ್ಲ. ಚಿತ್ತಾಪುರದ ಕಾಕಾ ಹೆಚ್ಚಾಗಿ ಹೊಲಮನೆಯವರು. ಅವರ ಆಸೆ ತೊಗರಿಯ ದರದ ಜೊತೆ ಏರಿಳಿಯುತ್ತದೆ, ರಾಶಿ ಮುಗಿದು ರೊಕ್ಕ ಕೈಗೆ ಬಂದ ದಿನಗಳಲ್ಲಿ ಉಕ್ಕುತ್ತದೆ. ಚಿಂಚೋಳಿಯವರ ಕನಸಂತೂ ದಿಮ್ಮಿಯನ್ನೇ ಸೀಳುವ ದೊಡ್ಡ ಬ್ಯಾಂಡ್ ಸಾ. ಆ ಕನಸಿಗೆ ಸುಪ್ರೀಂ ಕೋರ್ಟು ಅಡ್ಡ ಇದೆ. ಅರಣ್ಯ ರಕ್ಷಣೆಯ ಗೋದಾವರ್ಮನ್ ಪ್ರಕರಣದಲ್ಲಿ 1996ರಿಂದ ಬಂದ ಆದೇಶಗಳ ಪ್ರಕಾರ ಪರವಾನಗಿ ಇಲ್ಲದ ಸಾಮಿಲ್ ನಡೆಯುವಂತಿಲ್ಲ. ಮನೆಯ ಬೇವಿನ ಮರ ಕಡಿಯಹೋದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುವುದೇನೆಂದು ಒಮ್ಮೆ ವಿಚಾರಿಸಬೇಕು. ಆದ್ದರಿಂದ ಚಿಂಚೋಳಿಯವರು ನಿಟ್ಟುಸಿರು ಬಿಟ್ಟು, ಉಳಿದ ನಾಲ್ಕು ಊರಿನವರಂತೆ ಹಲಗೆ ಹೆರೆಯುವ ರಂದಾ ಮಷೀನಿಗೆ ಬರುತ್ತಾರೆ.

ಕೊಳ್ಳುವ ಮೊದಲು ಮನೆಯ ಒಪ್ಪಿಗೆ ಬೇಕು. ಅದಕ್ಕೆ ಎಲ್ಲ ಊರುಗಳಲ್ಲೂ ಬಳಸುವ ಉಪಾಯ ಒಂದೇ, ದೇವರ ಮಂಟಪ. ಸಾಗವಾನಿಯ ಮಂಟಪ, ನಾಲ್ಕು ಕಂಬ, ಮೇಲೆ ಗೋಪುರ, ಕೆಳಗೆ ಊದುಬತ್ತಿಗೆ ಒಂದು ಡ್ರಾ. ಅಂಗಡಿಯ ಮಂಟಪಕ್ಕೂ ಯಂತ್ರಕ್ಕೂ ಇರುವ ಬೆಲೆಯ ಅಂತರವನ್ನು ಮನೆಯವರು ಎತ್ತಿದರೆ, ಮಗಳ ಮನೆಗೆ ಕಪಾಟು, ಮೊಮ್ಮಗನಿಗೆ ತೊಟ್ಟಿಲು ಎಂದು ಪಟ್ಟಿ ಬೆಳೆಯುತ್ತದೆ. ಮಗಳಿಗೆ ಇನ್ನೂ ಮದುವೆಯಾಗಿಲ್ಲ ಎಂಬುದು ಈ ಲೆಕ್ಕಕ್ಕೆ ಅಡ್ಡಿಯಲ್ಲ.

ಖರೀದಿ ನಡೆಯುವುದು ಬೆಂಗಳೂರಲ್ಲಲ್ಲ, ಹೈದರಾಬಾದಿನಲ್ಲಿ. 1874ರಲ್ಲಿ ನಿಜಾಮರ ಕಾಲಕ್ಕೆ ತೆರೆದ ವಾಡಿ–ಸಿಕಂದರಾಬಾದ್ ರೈಲುದಾರಿಯಲ್ಲಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಸಾಲಾಗಿ ಸಿಗುತ್ತವೆ. ದಾರಿಯುದ್ದಕ್ಕೂ ಒಬ್ಬೊಬ್ಬ ಕಾಕಾ ಹತ್ತಿ, ಒಂದೇ ಡಬ್ಬಿಯಲ್ಲಿ ಕೂಡಿ, ತಾಂಡೂರು ದಾಟುವ ಹೊತ್ತಿಗೆ ಬೇರಿಂಗುಗಳ ಬಗ್ಗೆ ಜಗಳಕ್ಕೆ ಬೀಳುವುದು ಅಪರೂಪವೇನಲ್ಲ. ಸಿಕಂದರಾಬಾದಿನ ರಾಣಿಗಂಜಿನಲ್ಲಿ ಯಂತ್ರದ ದುಕಾನುಗಳಿವೆ. ಸೇಡಂನವರಿಗೆ ಅಲ್ಲಿ ಒಂದು ಅನುಕೂಲ: ದುಕಾನಿನವನೊಂದಿಗೆ ತೆಲುಗಿನಲ್ಲಿ ಚೌಕಾಸಿ ಮಾಡುತ್ತಾರೆ, ಅವನು ತನ್ನವರೊಂದಿಗೆ ಉರ್ದುವಿನಲ್ಲಿ ಆಡುವ ಗುಟ್ಟನ್ನೂ ತಿಳಿಯುತ್ತಾರೆ, ತಮ್ಮ ಗಾಬರಿಯನ್ನು ಮಾತ್ರ ಕನ್ನಡದಲ್ಲಿ ಇಟ್ಟುಕೊಳ್ಳುತ್ತಾರೆ.

ಕಾಕಾ ಯಂತ್ರ ನೋಡುವ ರೀತಿ ವಧುಪರೀಕ್ಷೆಯನ್ನು ಹೋಲುತ್ತದೆ. ಮೊದಲು ಮನೆತನ: ಎರಕ ಎಲ್ಲಿಯದು, ಪಂಜಾಬಿನ ಬಟಾಲಾದ್ದೋ, ಗುಜರಾತಿನ ರಾಜಕೋಟದ್ದೋ? ನಂತರ ಮೇಜಿನ ಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ, ಅದರಡಿ ಬೆಳಕು ನುಸುಳುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವುದು. ಬ್ಲೇಡು ಕೂರುವ ಉರುಳೆಯನ್ನು ಕೈಯಿಂದ ತಿರುಗಿಸಿ ಬೇರಿಂಗಿನ ಸದ್ದಿಗೆ ಕಿವಿ ಕೊಡುವುದು. ಮೋಟರು 1440 ಸುತ್ತಿನದೋ 2880ರದೋ, ಪುಲ್ಲಿಯ ಅಳತೆ ಎಷ್ಟು, ಹಾಗಾದರೆ ಉರುಳೆಗೆ ನಿಮಿಷಕ್ಕೆ ಎಷ್ಟು ಸುತ್ತು ಬಂತು ಎಂದು ಲೆಕ್ಕ ಹಾಕಿ, ದುಕಾನಿನವನ ಲೆಕ್ಕ ತಪ್ಪಿಸುವುದು. ಇದರಲ್ಲಿ ಸುಳ್ಳೇನೂ ಇಲ್ಲ. ಭಾರವಾದ ಬೀಡಿನ ಎರಕ ನಡುಕವನ್ನು ನುಂಗಿಕೊಳ್ಳುತ್ತದೆ, ನಡುಕ ಕಡಿಮೆಯಾದಷ್ಟೂ ಹಲಗೆಯ ಮೈ ನುಣ್ಣಗಾಗುತ್ತದೆ. ತಪ್ಪುವುದು ಅಳತೆಯಲ್ಲಿ. ಸ್ಥಳೀಯವಾಗಿ ಸಿಗುವುದು ಆರಿಂಚಿನ ಹಲಗೆ. ಅದಕ್ಕೆ ಎಂಟಿಂಚಿನ ಯಂತ್ರ ಸಾಕು. ಕಾಕಾ ಕೊಳ್ಳುವುದು ಹದಿಮೂರಿಂಚಿನದು, ಮೂರು ಎಚ್‌ಪಿ ಮೋಟರು, ಪಕ್ಕದಲ್ಲಿ ವೃತ್ತಾಕಾರದ ಗರಗಸ, ತೂತು ಕೊರೆಯುವ ಜೋಡಣೆ. 18 ಪ್ರತಿಶತ ಜಿಎಸ್‌ಟಿ ಕೇಳಿದಾಗ ಅರ್ಧ ತಾಸು ಮೌನ. ಆಮೇಲೆ ಎರಡು ಜೊತೆ ಬ್ಲೇಡು ಮತ್ತು ಒಂದು ಬೆಲ್ಟು ಪುಕ್ಕಟೆ ಪಡೆದು ಗೆದ್ದ ಮುಖ.

ಯಂತ್ರ ಊರು ಸೇರುವುದು ಲಾರಿಯಲ್ಲಿ, ಹೇಳಿದ ದಿನದ ಮರುವಾರ, ಮಧ್ಯಾಹ್ನದ ಉರಿಬಿಸಿಲಲ್ಲಿ. ಕೆಲವು ಕ್ವಿಂಟಲ್ ತೂಕದ ಎರಕವನ್ನು ಇಳಿಸಲು ಹಮಾಲರು, ಚೈನ್ ಪುಲ್ಲಿ, ಹಾರೆ, ಕೆಳಗೆ ಉರುಳಿಸಲು ಹಳೆಯ ಪೈಪಿನ ತುಂಡುಗಳು ಬೇಕು. ಇವೆಲ್ಲ ಇರುತ್ತವೆ, ಏಕೆಂದರೆ ಇಂಥದ್ದನ್ನು ಕಾಕಾ ಕಾರ್ಖಾನೆಯಲ್ಲಿ ಹತ್ತಾರು ಸಲ ಮಾಡಿಸಿದವರು. ಹಮಾಲರಿಗಿಂತ ಹೆಚ್ಚು ಜನ ಸಲಹೆಗೆ ಸೇರುತ್ತಾರೆ. ಯಂತ್ರ ಅಂಗಳ ದಾಟಿ, ಪಡಸಾಲೆ ದಾಟಿ, ಖೋಲಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಖೋಲಿಯ ಉದ್ದ, ಅಗಲ, ಎತ್ತರಗಳನ್ನು ಕಾಕಾ ಮಿಲಿಮೀಟರಿಗೆ ಅಳೆದಿರುತ್ತಾರೆ. ಬಾಗಿಲನ್ನು ಅಳೆದಿರುವುದಿಲ್ಲ. ಮರದ ಚೌಕಟ್ಟಾದರೆ ಕಿತ್ತು ಹಾಕಬಹುದಿತ್ತು. ಇದು ಅಜ್ಜನ ಕಾಲದ ಕಲ್ಲಿನದು, ಮೇಲೆ ಗೋಡೆಯ ಭಾರ ಹೊತ್ತು ಕೂತದ್ದು. ಕೊನೆಗೆ ಹಿತ್ತಲ ಕಡೆಯ ಗೋಡೆ ಒಡೆಯುತ್ತಾರೆ.

“ರೀ, ಮಂಟಪಾ ಮಾಡ್ಲಾಕ ಮನೀ ಒಡೀಬೇಕೇನ್ರಿ?” ಎಂದು ಒಳಗಿನಿಂದ ಪ್ರಶ್ನೆ ಬರುತ್ತದೆ. ಅದಕ್ಕೆ ಈವರೆಗೆ ಯಾವ ಕಾಕಾನೂ ಉತ್ತರ ಕೊಟ್ಟ ದಾಖಲೆ ಇಲ್ಲ.

ಫರಸಿಯ ಮೇಲೆ ನೇರವಾಗಿ ಯಂತ್ರ ಕೂರಿಸುವಂತಿಲ್ಲ. ನಡುಕಕ್ಕೆ ಕಲ್ಲು ಬಿರಿಯುತ್ತದೆ. ನೆಲ ಅಗೆದು ಕಾಂಕ್ರೀಟ್ ಪಾಯ ಹಾಕಿ ಬೋಲ್ಟು ಹೂಳಬೇಕು. ಕಾಕಾ ಹಾಕಿಸುವ ಪಾಯ ಇನ್ನೆರಡು ಮಹಡಿ ಹೊರುವಂಥದ್ದು. ಸಿಮೆಂಟಿನ ವಿಷಯದಲ್ಲಿ ಈ ಸೀಮೆಯವರಿಗೆ ಕೈ ಹಿಡಿದು ಗೊತ್ತಿಲ್ಲ.

ಮುಂದಿನದು ಕರೆಂಟು. ಮೂರು ಎಚ್‌ಪಿ ಮೋಟರಿಗೆ ಮೂರು ಫೇಸು ಬೇಕೆಂದು ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಹೋಗುತ್ತದೆ. ಮನೆಯ ಮೀಟರಿನಲ್ಲೇ ಹೆಚ್ಚುವರಿ ಹೊರೆ ಕೇಳಬೇಕೋ, ಸಣ್ಣ ಕೈಗಾರಿಕೆ ಎಂದು ಬೇರೆ ಮೀಟರು ಕೇಳಬೇಕೋ ಎಂಬ ಚರ್ಚೆಯಲ್ಲಿ ಒಂದು ಮಳೆಗಾಲ ಕಳೆಯುತ್ತದೆ. ಇದರ ನಡುವೆ ಗೃಹಜ್ಯೋತಿ ಎಂಬ ಸೂಕ್ಷ್ಮ ವಿಷಯ ಬರುತ್ತದೆ. 2023ರ ಆಗಸ್ಟಿನಲ್ಲಿ ಕಲಬುರಗಿಯಲ್ಲೇ ಉದ್ಘಾಟನೆಯಾದ ಉಚಿತ ವಿದ್ಯುತ್ ಯೋಜನೆ ಅದು. ತಿಂಗಳಿಗೆ 200 ಯೂನಿಟ್ ದಾಟಿದರೆ ಸೊನ್ನೆ ಬಿಲ್ಲಿನ ಸುಖ ಹೋಗುತ್ತದೆ. ಮೂರು ಎಚ್‌ಪಿ ಮೋಟರು ಪೂರ್ಣ ಭಾರದಲ್ಲಿ ಒಂದು ತಾಸು ಓಡಿದರೆ ಎರಡೂವರೆ ಯೂನಿಟಿನ ಆಸುಪಾಸು. ಈ ಲೆಕ್ಕ ಬಾಯಿಪಾಠವಾದ ಮೇಲೆ ಕಾಕಾ ಯಂತ್ರವನ್ನು ಓಡಿಸುವುದಕ್ಕಿಂತ ಒರೆಸುವುದು ಹೆಚ್ಚು. ಓಡಿಸಿದಾಗಲೂ ಗುಟ್ಟಾಗಿರುವುದಿಲ್ಲ. ಶುರುವಾಗುವ ಕ್ಷಣಕ್ಕೆ ಮೋಟರು ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುವುದರಿಂದ ಓಣಿಯ ದೀಪಗಳೆಲ್ಲ ಒಮ್ಮೆ ಕಣ್ಣು ಮಿಟುಕಿಸುತ್ತವೆ.

ಉದ್ಘಾಟನೆಗೆ ತೆಂಗಿನಕಾಯಿ, ಕುಂಕುಮ, ಪೇಢೆ. ಊರಿನ ಹಿರಿಯ ಬಡಿಗೇರರಿಗೆ ವಿಶೇಷ ಆಮಂತ್ರಣ. ಕಾಕಾ ಹಲಗೆ ನೂಕುತ್ತಾರೆ. ಹಲಗೆ ನಡುಗುತ್ತದೆ, ಹೊಗೆಯ ವಾಸನೆ ಬರುತ್ತದೆ, ಹೊಟ್ಟು ಬರುವುದಿಲ್ಲ. ಬ್ಲೇಡಿನ ಮಸೆ ಸರಿಯಿಲ್ಲವೆಂದು ಬಿಚ್ಚಿ ಮಸೆಯುತ್ತಾರೆ. ಕಟಗಿ ಹಸಿ ಇದೆ ಎನ್ನುತ್ತಾರೆ. ರಾಣಿಗಂಜಿಗೆ ಫೋನು ಹೋಗುತ್ತದೆ. ಬಡಿಗೇರರು ಪೇಢೆ ತಿಂದು ಮುಗಿಸಿ, ಕೈ ಒರೆಸಿಕೊಂಡು, ಬಲು ಮೆಲ್ಲಗೆ ಹೇಳುತ್ತಾರೆ:

“ಸಾಹೇಬ್ರ, ಅದು ಉಲ್ಟಾ ತಿರುಗ್ಲಾಕತ್ತದ ನೋಡ್ರಿ.”

ಮೂರು ಫೇಸಿನ ಮೋಟರಿಗೆ ಯಾವುದಾದರೂ ಎರಡು ತಂತಿ ಅದಲುಬದಲಾದರೆ ತಿರುಗುವ ದಿಕ್ಕು ಹಿಂದುಮುಂದಾಗುತ್ತದೆ. ಇದನ್ನು ಕಾಕಾ ನೂರಾರು ಅಪ್ರೆಂಟಿಸ್ ಹುಡುಗರಿಗೆ ಕಲಿಸಿರುತ್ತಾರೆ. ತಂತಿ ಬದಲಿಸಿದ ಕೂಡಲೇ ಯಂತ್ರ ಹಲಗೆಯ ಮೈಯನ್ನು ನುಣ್ಣಗೆ ಹೆರೆದುಕೊಡುತ್ತದೆ. ಬಡಿಗೇರರು ಅದರ ಮೇಲೆ ಅಂಗೈ ಆಡಿಸಿ ಮೆಚ್ಚುತ್ತಾರೆ. “ಮಷೀನ್ ಭಾಳ ಛಂದ ಅದ್ರಿ. ಕಟಗಿ ಎಲ್ಲಿ ಅದ?”

ಈ ಪ್ರಶ್ನೆ ಯಂತ್ರಕ್ಕಿಂತ ಭಾರ. ಸಾಗವಾನಿಯ ದರ ಕೇಳಿ ಬಂದ ಕಾಕಾ ಬೇವಿಗೆ ಇಳಿಯುತ್ತಾರೆ. ಬೇವನ್ನು ಹೆರೆದರೆ ಮನೆಯೆಲ್ಲ ಸೀನು. ಕಡಿದ ಹೊಸತರಲ್ಲೇ ಕೊಯ್ದ ಹಲಗೆ ಕಲಬುರಗಿಯ ಬೇಸಿಗೆಯಲ್ಲಿ ದೋಣಿಯಂತೆ ಬಾಗುತ್ತದೆ. ಒಂದಿಂಚು ದಪ್ಪದ ಹಲಗೆ ನೆರಳಲ್ಲಿ ಒಣಗಲು ವರ್ಷವಾದರೂ ಬೇಕೆಂಬ ಹಳೆಯ ಲೆಕ್ಕ ಬಡಿಗೇರರಿಗೆ ಗೊತ್ತು. ಯಂತ್ರ ಬಂದಿದೆ, ಇನ್ನು ವರ್ಷ ಕಾಯುವುದು ಕಾಕಾನಿಂದ ಆಗದು. ಎರಡು ವರ್ಷದ ಉತ್ಪಾದನೆಯನ್ನು ಪಟ್ಟಿ ಮಾಡಿದರೆ ಹೀಗಿರುತ್ತದೆ: ಕೂರುವ ಮಣೆಗಳು, ಮೂರೂವರೆ ಕಾಲಿನ ಮೇಲೆ ನಿಂತ ಒಂದು ಚೌರಂಗ, ನೆಂಟರಿಗೆಲ್ಲ ಹಂಚಿದ ಲಟ್ಟಣಿಗೆಗಳು, ಮತ್ತು ಯಂತ್ರಕ್ಕೆ ಹೊದಿಸಲು ಒಂದು ಪೆಟ್ಟಿಗೆ. ಇದ್ದುದರಲ್ಲಿ ಅಚ್ಚುಕಟ್ಟಾದದ್ದು ಆ ಪೆಟ್ಟಿಗೆಯೇ. ದೇವರ ಮಂಟಪವನ್ನು ದಸರೆಯ ರಿಯಾಯಿತಿಯಲ್ಲಿ ಕಲಬುರಗಿಯಿಂದ ತರುತ್ತಾರೆ. ಒಡೆದ ಗೋಡೆಗೆ ಮರದ ಬಾಗಿಲು ಮಾಡುವ ಯೋಜನೆ ನಕ್ಷೆಯಲ್ಲೇ ಉಳಿದು, ಅಲ್ಲಿ ಕಬ್ಬಿಣದ ರೋಲಿಂಗ್ ಶಟರ್ ಬರುತ್ತದೆ.

ಕೊನೆಗೆ ಯಂತ್ರವನ್ನು ಮಾರುವ ದಿನ ಬಂದಾಗ, ಶಟರ್ ಇದ್ದುದರಿಂದ ಅದನ್ನು ಹೊರಗೊಯ್ಯುವುದು ಸುಲಭ. ಕೊಳ್ಳುವವನು ಸಾಮಾನ್ಯವಾಗಿ ಬಡಿಗೇರರ ಮಗನೇ. ಬೆಲೆ, ತಂದದ್ದರ ಅರ್ಧ. ಅವನ ದುಕಾನಿನಲ್ಲಿ ಅದು ಬೆಳಗಿನಿಂದ ಸಂಜೆಯವರೆಗೆ ಓಡುತ್ತದೆ. ಕಾಕಾ ಮಾರುವಾಗ ಯಂತ್ರವನ್ನಷ್ಟೇ ಕೊಟ್ಟು, ರಾಣಿಗಂಜಿನಲ್ಲಿ ಗೆದ್ದ ಬ್ಲೇಡು ಮತ್ತು ಬೆಲ್ಟನ್ನು ಕಪಾಟಿನಲ್ಲಿ ಇಟ್ಟುಕೊಂಡಿರುತ್ತಾರೆ. ಬ್ಲೇಡು ಮೊಂಡಾದಾಗ ಹುಡುಗ ಬರಬೇಕು, ಚಹಾ ಕುಡಿಯಬೇಕು, “ಬೇರಿಂಗಿಗೆ ಗ್ರೀಸ್ ಹಾಕೀಯೇನೋ ತಮ್ಮಾ?” ಎಂಬುದಕ್ಕೆ ಜವಾಬು ಕೊಟ್ಟು, ಒಂದು ಸಲಕ್ಕೆ ಒಂದೇ ಬ್ಲೇಡು ಒಯ್ಯಬೇಕು.