ಸೋದರತ್ತೆಯೂ ಸಿಲಿಕಾನ್ ಕಾಲುವೆಯೂ

ರಾತ್ರಿ ಹತ್ತಕ್ಕೆ ಲ್ಯಾಬಿನ ಹುಡುಗ ಫೋನ್ ಮಾಡಿ, “ಸಾರ್, ಪೀಕಿಗೆ ಬಾಲ ಬಂದಿದೆ” ಅಂದ. “ಎಷ್ಟುದ್ದ?” ಅಂದೆ. ಅನ್ನ ಬಡಿಸುತ್ತಿದ್ದ ಹೆಂಡತಿಯ ಕೈಲಿ ಸೌಟು ಅಲ್ಲೇ ನಿಂತಿತು. ಇಪ್ಪತ್ತು ವರ್ಷ ಕ್ರೊಮ್ಯಾಟೊಗ್ರಫಿ ಮಾಡಿಕೊಂಡು ಬಂದವನ ಮನೆಯಲ್ಲೂ ಬಾಲ ಅಂದರೆ ಮೊದಲು ನೆನಪಾಗುವುದು ಕೋತಿಯೇ.

ನಮ್ಮ ಕಸುಬು ಬೆರೆತದ್ದನ್ನು ಬಿಡಿಸುವುದು, ಅಷ್ಟೇ. ಉಕ್ಕಿನ ಕೊಳವೆಯೊಂದಿದೆ, ಕಾಲಂ ಅನ್ನುತ್ತೇವೆ. 25 ಸೆಂಟಿಮೀಟರ್ ಉದ್ದ, ಒಳಗೆ 4.6 ಮಿಲಿಮೀಟರ್ ಅಗಲ. ಅದರ ತುಂಬ 5 ಮೈಕ್ರಾನಿನ ಸಿಲಿಕಾ ಕಾಳು. ಮಿಶ್ರಣವನ್ನು ದ್ರವದ ಜೊತೆ ಒಳಗೆ ತಳ್ಳಿದರೆ, ಕಾಳಿನ ಮೇಲೆ ಮೋಹವಿರುವ ಅಣು ಅಲ್ಲಲ್ಲಿ ನಿಂತು, ಕುಶಲ ವಿಚಾರಿಸಿಕೊಂಡು ತಡವಾಗಿ ಬರುತ್ತದೆ. ಮೋಹವಿಲ್ಲದ್ದು ಸೀದಾ ಬರುತ್ತದೆ. ಒಂದೊಂದು ಗುಂಪು ಹೊರಬಿದ್ದಾಗಲೂ ಪರದೆಯ ಮೇಲೊಂದು ಗುಡ್ಡ ಏಳುತ್ತದೆ. ಅದೇ ಪೀಕು. ಅದು ಗೋಪುರದ ಹಾಗೆ ಚೂಪಾಗಿರಬೇಕು. ಹಿಂದೆ ಸೆರಗು ಎಳೆದುಕೊಂಡು ಬಂದರೆ ಬಾಲ.

ಈ ವಿದ್ಯೆಯ ಮೂಲಪುರುಷ ಮಿಖಾಯಿಲ್ ತ್ಸ್ವೆತ್ ಎಂಬ ರಷ್ಯನ್ ಸಸ್ಯವಿಜ್ಞಾನಿ. ವಾರ್ಸಾದಲ್ಲಿದ್ದಾಗ ಗಾಜಿನ ಕೊಳವೆಗೆ ಸೀಮೆಸುಣ್ಣದ ಪುಡಿ ತುಂಬಿ ಎಲೆಯ ಬಣ್ಣವನ್ನು ಇಳಿಬಿಟ್ಟ. ಹಸಿರು, ಹಳದಿ ಪಟ್ಟೆಗಳು ಬೇರೆಬೇರೆಯಾಗಿ ನಿಂತವು. 1906ರಲ್ಲಿ ಅದಕ್ಕೆ ‘ಬಣ್ಣದ ಬರಹ’ ಎಂಬರ್ಥದ ಗ್ರೀಕ್ ಹೆಸರಿಟ್ಟ, ಕ್ರೊಮ್ಯಾಟೊಗ್ರಫಿ ಅಂತ. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಅಂದರೂ ಬಣ್ಣವೇ. ಪುಣ್ಯಾತ್ಮ ತನ್ನ ಹೆಸರನ್ನೇ ಗ್ರೀಕಿನಲ್ಲಿ ಬಚ್ಚಿಟ್ಟನೆಂದು ನನ್ನ ಗುಮಾನಿ. ಶಾಲೆಯಲ್ಲಿ ಚಾಕ್‌ಪೀಸಿನ ಬುಡವನ್ನು ಕಪ್ಪು ಇಂಕಿನಲ್ಲಿ ಅದ್ದಿ, ನೀರಿನ ತಟ್ಟೆಯಲ್ಲಿ ನಿಲ್ಲಿಸಿದರೆ ನೀಲಿ, ನೇರಳೆ ಮೇಲೇರುತ್ತಿದ್ದವಲ್ಲ, ಅದೂ ಇದೇ. ನನಗಾಗ ಸಿಕ್ಕಿದ್ದು ನೊಬೆಲ್ ಅಲ್ಲ, ಬೆತ್ತದ ಏಟು.

ಕಾಲಮ್ಮಿನ ರೋಗವೆಲ್ಲ ತುಂಬುವುದರಲ್ಲಿದೆ. ರಾಗಿಯ ಡಬ್ಬವನ್ನು ಎಷ್ಟು ತಟ್ಟಿ ತುಂಬಿದರೂ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಒಂದೇ ಜಾತಿಯ, ಒಟ್ಟಿಗೇ ಹೊರಟ ಅಣುಗಳಲ್ಲಿ ಒಂದಕ್ಕೆ ಹೆದ್ದಾರಿ ಸಿಗುತ್ತದೆ, ಇನ್ನೊಂದು ಓಣಿ ಸುತ್ತಿ ಬರುತ್ತದೆ. ಪೀಕು ಹಿಟ್ಟಿನ ಹಾಗೆ ಹರಡುತ್ತದೆ. 1956ರಲ್ಲಿ ಹಾಲೆಂಡಿನ ವಾನ್ ಡೀಮ್ಟರ್ ಮತ್ತು ಸಂಗಡಿಗರು ಪೀಕು ಅಗಲವಾಗುವ ಕಾರಣಗಳಿಗೆಲ್ಲ ಒಂದು ಸಮೀಕರಣ ಬರೆದರು. ಅದರ ಮೊದಲ ಪದವೇ ಈ ಓಣಿ ಸುತ್ತಾಟ. ಕಾಳು ಸಣ್ಣದು ಮಾಡಿ ಅನ್ನುತ್ತೀರಿ. ಮಾಡಬಹುದು. ಕಾಳು ಅರ್ಧವಾದರೆ ಬೇಕಾಗುವ ಒತ್ತಡ ನಾಲ್ಕು ಪಟ್ಟು. ಪಂಪು ಗೊಣಗುವುದು ಪಕ್ಕದ ಕೋಣೆಗೂ ಕೇಳಿಸುತ್ತದೆ.

ತುಂಬುವುದೇ ಬೇಡ, ಕೆತ್ತಿಬಿಡೋಣ ಅಂತ ಹೊರಟವರಲ್ಲಿ ಮೊದಲಿಗ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫ್ರೆಡ್ ರೆಗ್ನಿಯರ್, 1998ರಲ್ಲಿ. ಆಮೇಲೆ ಬ್ರಸೆಲ್ಸಿನ ಗೆರ್ಟ್ ಡೆಸ್ಮೆಟ್ ತಂಡ ಆ ಹಾದಿಯನ್ನು ಬಹಳ ದೂರ ಎಳೆಯಿತು. ಕಂಪ್ಯೂಟರ್ ಚಿಪ್ಪು ಮಾಡುವ ವಿಧಾನದಲ್ಲೇ ಸಿಲಿಕಾನ್ ಬಿಲ್ಲೆಯಲ್ಲಿ ಕಾಲುವೆ ಕೊರೆದು, ಅದರೊಳಗೆ ಕಂಬಗಳ ಸಾಲು ಉಳಿಸುವುದು. ಕಂಬ 5 ಮೈಕ್ರಾನ್, ನಡುವಿನ ಸಂದಿ 2.5 ಮೈಕ್ರಾನ್, ಹತ್ತು ಕಂಬ ಒತ್ತಿ ನಿಲ್ಲಿಸಿದರೂ ಒಂದು ತಲೆಗೂದಲಿನ ದಪ್ಪ ಆಗಲಿಕ್ಕಿಲ್ಲ. ಸೂಕ್ಷ್ಮದರ್ಶಕದ ಚಿತ್ರವನ್ನು ಹೆಂಡತಿಗೆ ತೋರಿಸಿದೆ. “ಸಂದು ಚುಕ್ಕಿ ರಂಗೋಲಿ” ಅಂದಳು, ಕನ್ನಡಕವನ್ನೂ ಹಾಕದೆ. ಹೌದು, ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಚುಕ್ಕಿ. “ಅಂಚಿನ ಗೋಡೆ ಹತ್ತಿರ ಏನು ಮಾಡ್ತಾರೆ?” ಅಂತಲೂ ಕೇಳಿದಳು. ತಮಾಷೆಯೆಂದರೆ, ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆಡಿಸಿಕೊಂಡದ್ದೂ ಅಲ್ಲೇ. ಗೋಡೆಗೂ ಕಂಬಕ್ಕೂ ಸಂದಿ ತುಸು ಹೆಚ್ಚಾದರೆ ದ್ರವ ಅಲ್ಲಿ ಓಡುತ್ತದೆ, ಕಡಿಮೆಯಾದರೆ ತೆವಳುತ್ತದೆ. ಒಳಗೆ ಎಷ್ಟೇ ಶಿಸ್ತಿರಲಿ, ಅಂಚಿನವರು ಎಲ್ಲ ಕೆಡಿಸುತ್ತಾರೆ.

ಇನ್ನು ತಿರುವು. ಎರಡು ಮೀಟರ್ ಕಾಲುವೆಯನ್ನು ಪುಟ್ಟ ಬಿಲ್ಲೆಯಲ್ಲಿ ಹಿಡಿಸಬೇಕಾದರೆ ಮಡಿಸಿ ಮಡಿಸಿ ಇಡಬೇಕು. ತಿರುವಿನಲ್ಲಿ ಒಳಬದಿಯ ದಾರಿ ಗಿಡ್ಡ, ಹೊರಬದಿಯದು ಉದ್ದ. ಇದನ್ನು ನನಗೆ ಕಲಿಸಿದವಳು ಸೋದರತ್ತೆ, ತಿರುಪತಿಯ ಕ್ಯೂನಲ್ಲಿ. ಕಬ್ಬಿಣದ ಕಂಬಿಗಳ ನಡುವೆ ಹಾವಿನಂತೆ ಸಾಗುವ ಸಾಲು. ಬಲಕ್ಕೆ ತಿರುಗುವಲ್ಲಿ ಅತ್ತೆ ಬಲಗಂಬಿಗೆ ಅಂಟಿ ಮೂರು ಜನರನ್ನು ಹಿಂದೆ ಹಾಕುತ್ತಿದ್ದಳು. ಮುಂದಿನದು ಎಡ ತಿರುವು. ಅಲ್ಲೇ ಇದ್ದರೆ ಗಳಿಸಿದ್ದೆಲ್ಲ ಕಳೆಯಬೇಕಲ್ಲ? ನಡುವಿನ ನೇರ ದಾರಿಯಲ್ಲಿ “ಗೋವಿಂದಾ” ಅನ್ನುತ್ತ, ಯಾರಿಗೂ ಗೊತ್ತಾಗದ ಹಾಗೆ ಎಡಗಂಬಿಗೆ ಸರಿದಿರುತ್ತಿದ್ದಳು. ಅಣುಗಳೂ ಹಾಗೇ ಅಡ್ಡಾಡಿ ಬದಿ ಬದಲಿಸುತ್ತವೆ, ಆದರೆ ಅವಕ್ಕೆ ಅತ್ತೆಯ ಉಪಾಯ ಇಲ್ಲ. ಹಾಗಾಗಿ ಒಂದು ತಿರುವಿನ ಸಾಲ ಮುಂದಿನದರಲ್ಲಿ ಪೂರ್ತಿ ತೀರುವುದಿಲ್ಲ. ಇದಕ್ಕೆ ಕಂಡುಕೊಂಡ ಮದ್ದು ಚೆನ್ನಾಗಿದೆ: ತಿರುವಿಗೆ ಮುಂಚೆ ಕಾಲುವೆಯನ್ನು ಎಳೆಯಷ್ಟು ಕಿರಿದಾಗಿಸಿ, ತಿರುಗಿಸಿ, ಆಮೇಲೆ ಕವಲೊಡೆಸಿ ಮತ್ತೆ ಅಗಲ ಮಾಡುವುದು. ಒಬ್ಬೊಬ್ಬರೇ ತಿರುಗುವಾಗ ಒಳಬದಿ ಎಲ್ಲಿ, ಹೊರಬದಿ ಎಲ್ಲಿ! ಅತ್ತೆ ಇದನ್ನು ಖಂಡಿತ ಒಪ್ಪುತ್ತಿರಲಿಲ್ಲ.

ಗೆಂಟ್ ಊರಿನ ಫಾರ್ಮಾಫ್ಲೂಯಿಡಿಕ್ಸ್ ಎಂಬ ಕಂಪನಿ ಇಂಥ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. 2021ರಲ್ಲಿ ಆ ಕಂಪನಿಯನ್ನು ಥರ್ಮೋ ಫಿಶರ್ ಕೊಂಡಿತು. ಜೀವಕೋಶದ ಸಾವಿರಾರು ಪ್ರೋಟೀನುಗಳನ್ನು ಬಿಡಿಸುವವರಿಗೆ ಈ ಚಿಪ್ಪು ವರ. ಕಣ್ಣೀರಿನ ಹನಿಗಿಂತ ಕಡಿಮೆ ಹಿಡಿಸುವ ಆ ಕಾಲುವೆ ನಮ್ಮ ಜ್ವರದ ಮಾತ್ರೆಯ ಲ್ಯಾಬಿಗೆ ದುಬಾರಿ ಒಡವೆ. ನಮಗೆ ಉಕ್ಕಿನ ಕೊಳವೆಯೇ ಗತಿ. “ಕಾಲಂ ತಿರುಗಿಸಿ ಹಾಕಿ, ರಾತ್ರಿಯಿಡೀ ತೊಳಿ” ಅಂತ ಹುಡುಗನಿಗೆ ಹೇಳಿ ಮಲಗಿದೆ.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಮತ್ತೆ ಫೋನ್. “ಬಾಲ ಹೋಯ್ತಂತೆ” ಅಂದೆ.

“ಪಾಪ, ಕತ್ತರಿಸಿಬಿಟ್ರಾ?” ಅಂದಳು ಹೆಂಡತಿ.