ಮಂಡಿಗೊಂದು ಬಣ್ಣದ ಪಟ್ಟಿ: ಬಳಕೆದಾರರ ಕೈಪಿಡಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಆಟಗಾರರಿಗೆ, ಅವರ ಪಿ.ಟಿ. ಮೇಷ್ಟ್ರುಗಳಿಗೆ ಮತ್ತು ಭಾನುವಾರ ಮಾತ್ರ ನಂದಿ ಬೆಟ್ಟ ಓಡಿ ಹತ್ತುವ ಬೆಂಗಳೂರಿನವರಿಗೆ

ಅಭಿನಂದನೆಗಳು! ನೀವೀಗ 5 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದದ ಹಿಗ್ಗುವ ಹತ್ತಿಪಟ್ಟಿಯೊಂದರ ಒಡೆಯರು. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ಓದದೆ ಅಂಟಿಸಿಕೊಂಡರೂ ಫಲಿತಾಂಶದಲ್ಲಿ ಅಂಥ ವ್ಯತ್ಯಾಸವೇನೂ ಆಗದು. ಏಕೆಂಬುದು ಭಾಗ 5ರಲ್ಲಿದೆ.

ಭಾಗ 1: ಉತ್ಪನ್ನ ಪರಿಚಯ

1970ರ ದಶಕದಲ್ಲಿ ಜಪಾನಿನ ಕೆನ್ಜೊ ಕಾಸೆ ಎಂಬ ಕೈರೊಪ್ರಾಕ್ಟರ್ ಇದನ್ನು ರೂಪಿಸಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಭುಜದ ಮೇಲೆ ಕಪ್ಪು ಪಟ್ಟಿ ಹಚ್ಚಿಕೊಂಡು ಚಿನ್ನ ಗೆದ್ದರು. ಆಮೇಲೆ ಜಗತ್ತಿಗೆಲ್ಲ ಭುಜ ನೋಯತೊಡಗಿತು. ಟಿ.ವಿ.ಯಲ್ಲಿ ಕಬಡ್ಡಿ ನೋಡುವವರಿಗೆ ಈಗ ಪಟ್ಟಿಯಿಲ್ಲದ ಮಂಡಿಯೇ ಅಪರೂಪ.

ನೀಲಿ, ಗುಲಾಬಿ, ಕಪ್ಪು, ಮೈಬಣ್ಣಗಳಲ್ಲಿ ಸಿಗುತ್ತದೆ. ಬಣ್ಣ ಯಾವುದಾದರೂ ಬಟ್ಟೆ ಅದೇ, ಅಂಟೂ ಅದೇ. ತಂಡದ ಜರ್ಸಿಗೆ ಹೊಂದುವುದನ್ನು ಆರಿಸಿಕೊಳ್ಳಿ. ಪಟ್ಟಿಯ ಖಚಿತ ಪ್ರಯೋಜನಗಳಲ್ಲಿ ಇದೂ ಒಂದು.

ಇದು ಆಂಧ್ರದ ನಾಟಿ ಮೂಳೆವೈದ್ಯರ ಪುತ್ತೂರು ಕಟ್ಟು ಅಲ್ಲ. ಚಿಂತಾಮಣಿಯಿಂದ ಮದನಪಲ್ಲಿ ಕಡೆಯಿಂದ ಅಲ್ಲಿಗೆ ಹೋಗುವವರಿಗೆ ಈ ಎಚ್ಚರಿಕೆ ಮುಖ್ಯ. ಮೊಟ್ಟೆಯ ಬಿಳಿ, ಸೊಪ್ಪಿನ ರಸ, ಬಿದಿರು ದಬ್ಬೆಗಳ ಆ ಕಟ್ಟು ಕೀಲನ್ನು ಅಲ್ಲಾಡದಂತೆ ಹಿಡಿಯುತ್ತದೆ. ಆಟದ ಮೈದಾನದ ಬಿಳಿ ಗಟ್ಟಿ ಟೇಪು ಕೂಡ ಕಾಲಿನ ಗಿಣ್ಣು ಒಳಕ್ಕೆ ಮಗುಚುವುದನ್ನು ಸ್ವಲ್ಪ ತಡೆಯುತ್ತದೆ. ಒಮ್ಮೆ ಉಳುಕಿದವರಿಗೆ ಅದರಿಂದ ಉಪಯೋಗವಿದೆ, ಆದರೆ ಅರ್ಧ ಗಂಟೆ ಆಡುವಷ್ಟರಲ್ಲಿ ಸಡಿಲವಾಗುತ್ತದೆ. ನಿಮ್ಮ ಬಣ್ಣದ ಪಟ್ಟಿ ಯಾವುದನ್ನೂ ತಡೆಯುವುದಿಲ್ಲ. ಕಾಲು ಎತ್ತ ತಿರುಗಿದರೂ ಅದರ ಜೊತೆಗೇ ಹೋಗುವ ವಿಧೇಯ ವಸ್ತು ಇದು.

ಭಾಗ 2: ಚರ್ಮದ ಸಿದ್ಧತೆ

ಕಾಲನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿ. ನೀಲಗಿರಿ ಎಣ್ಣೆ, ನೋವಿನ ಮುಲಾಮು, ಹಿಂದಿನ ರಾತ್ರಿ ಅಜ್ಜಿ ಬಳಿದ ಅರಿಶಿನ ಯಾವುದೂ ಉಳಿದಿರಬಾರದು. ಶಿಡ್ಲಘಟ್ಟದ ನೆಹರು ಕ್ರೀಡಾಂಗಣದ ಮಣ್ಣನ್ನು ಮೈಗೆ ಮೆತ್ತಿಕೊಂಡು ಬಂದು, ಪಟ್ಟಿ ಅಂಟಲಿಲ್ಲ ಎಂದು ದೂರಬೇಡಿ. ಕೂದಲು ದಟ್ಟವಾಗಿದ್ದರೆ ಕತ್ತರಿಸಿ. ಇಲ್ಲವಾದರೆ ಭಾಗ 7ರಲ್ಲಿ ಅವು ತಾವಾಗಿಯೇ ಹೊರಡುತ್ತವೆ.

ಭಾಗ 3: ಅಂಟಿಸುವ ವಿಧಾನ

ಆಟಕ್ಕೆ ಒಂದು ಗಂಟೆ ಮೊದಲು ಶುರುಮಾಡಿ. ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಬೇಗ ಏಳುತ್ತದೆ. ಮಂಡಿ ಬಗ್ಗಿಸಿ ಕುಳಿತು ಚಿಪ್ಪಿನ ಎರಡೂ ಬದಿಗೆ ಕವಲಾಗಿ ಹಚ್ಚಿ. ಎರಡು ತುದಿಗಳನ್ನು ಎಳೆಯದೆ ಇಡಬೇಕು, ನಡುಭಾಗವನ್ನು ಹದವಾಗಿ ಎಳೆಯಬೇಕು. ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ಕೈಗಳಿಗೆ ಈ ಹದವನ್ನು ಹೇಳಿಕೊಡಬೇಕಿಲ್ಲ. ಉಳಿದವರು ಅತಿಯಾಗಿ ಎಳೆದರೆ ಬಲ ಬರುವುದಿಲ್ಲ, ಬೊಬ್ಬೆ ಬರುತ್ತದೆ. ಕೊನೆಗೆ ಅಂಗೈಯಿಂದ ಉಜ್ಜಿ. ಬಿಸಿಗೆ ಅಂಟು ಕಚ್ಚುತ್ತದೆ.

ಭಾಗ 4: ಪಟ್ಟಿ ಸರಿಯಾಗಿ ಕೂತಿದೆಯೇ? ಕಡ್ಡಾಯ ಪರೀಕ್ಷೆಗಳು

ಅಂಟು ಬಹಳ ಸೂಕ್ಷ್ಮ. ಆದ್ದರಿಂದ ವಾರಕ್ಕೆ ಮೂರು ದಿನ, ಪ್ರತಿ ಸಲ 20 ನಿಮಿಷ, ಹಂಗಾಮು ಮುಗಿಯುವವರೆಗೆ ಪರೀಕ್ಷಿಸುತ್ತಿರಬೇಕು.

ಅ. ಪಟ್ಟಿ ಹಚ್ಚಿದ ಕಾಲಿನ ಮೇಲೆ 30 ಸೆಕೆಂಡು ನಿಲ್ಲಿ. ಗಿಣ್ಣು ಗಡಗಡ ಎಂದರೆ ಉತ್ಪನ್ನದ ದೋಷವಲ್ಲ. ನಾಳೆ ಮತ್ತೆ ನಿಲ್ಲಿ. ಹೋಲಿಕೆಗಾಗಿ ಇನ್ನೊಂದು ಕಾಲಿನ ಮೇಲೂ ನಿಲ್ಲಿ.

ಆ. ಈಗ ಕಣ್ಣು ಮುಚ್ಚಿ. ಕಣ್ಣಿನ ಸಹಾಯ ತಪ್ಪಿದಾಗ ಮೆದುಳು ಪಾದ ಮತ್ತು ಕೀಲಿನ ನರಗಳು ಕಳಿಸುವ ವರದಿಯನ್ನು ಹೆಚ್ಚು ನೆಚ್ಚಬೇಕಾಗುತ್ತದೆ. ಒಮ್ಮೆ ಉಳುಕಿದ ಗಿಣ್ಣಿನಲ್ಲಿ ಆ ವರದಿ ಮಸುಕಾಗಿರುತ್ತದೆ. ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕಲು ಇದೂ ಒಂದು ಕಾರಣ.

ಇ. ಒಂಟಿಕಾಲಲ್ಲಿ ನಿಂತೇ ಗೆಳೆಯನೊಂದಿಗೆ ಚೆಂಡು ಎಸೆದು ಹಿಡಿಯಿರಿ. ಆಮೇಲೆ ಅವನು ಮೆಲ್ಲಗೆ ತಳ್ಳಲಿ. ಹಳೆಯ ಸಿಟ್ಟುಗಳನ್ನು ಈ ಹಂತಕ್ಕೆ ತರಬಾರದು.

ಈ. ಮೇಲೆ ಹಾರಿ ಮೆತ್ತಗೆ ಇಳಿಯಿರಿ. ಮಂಡಿ ಒಳಕ್ಕೆ ವಾಲದೆ ಪಾದದ ನೇರಕ್ಕೆ ಬಾಗಬೇಕು. ಖೋ-ಖೋ ಕಂಬ ಹಿಡಿದು ಗಿರ್ರನೆ ತಿರುಗುವಾಗ, ಕಬಡ್ಡಿಯ ರೈಡರ್ ತಟ್ಟನೆ ದಿಕ್ಕು ಬದಲಿಸುವಾಗ, ವಾಲಿದ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಬಹುದು. ಹುಡುಗಿಯರಿಗೆ ಈ ಅಪಾಯ ಹುಡುಗರಿಗಿಂತ ಹೆಚ್ಚು. ಅವರು ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಉ. ಮಂಡಿಯೂರಿ ಕುಳಿತು, ಗೆಳೆಯ ಹಿಮ್ಮಡಿ ಒತ್ತಿ ಹಿಡಿದಿರುವಾಗ ನಿಧಾನವಾಗಿ ಮುಂದಕ್ಕೆ ಬಾಗಿ. ತೊಡೆಯ ಹಿಂಭಾಗದಲ್ಲಿ ಪಟ್ಟಿಯೇ ಇಲ್ಲವಲ್ಲ, ಇದು ಯಾವುದರ ಪರೀಕ್ಷೆ ಎಂದು ಕೇಳಬೇಡಿ.

ಫಿಫಾದ ‘11+’ ಎಂಬ ವಾರ್ಮಪ್‌ನಲ್ಲಿಯೂ ಇಂಥವೇ ಕಸರತ್ತುಗಳಿರುವುದು ಕೇವಲ ಕಾಕತಾಳೀಯ. ನಾರ್ವೆಯ ಫುಟ್‌ಬಾಲ್ ಹುಡುಗಿಯರಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದನ್ನು ಮಾಡಿದ ತಂಡಗಳ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಅವರು ಪಟ್ಟಿಯನ್ನು ಎಲ್ಲಿ ಬಚ್ಚಿಟ್ಟಿದ್ದರೋ ಪತ್ತೆಯಾಗಿಲ್ಲ.

ಭಾಗ 5: ಇದು ಕೆಲಸ ಮಾಡುವ ಬಗೆ

ಗೌರಿಬಿದನೂರಿನವರು ಈ ಭಾಗವನ್ನು ಎರಡು ಸಲ ಓದಿ. ನಿಮ್ಮ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದರು, ಮಂಡಿಗೆ ಯಾವ ಪಟ್ಟಿಯೂ ಇಲ್ಲದೆ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದರು. ಪಟ್ಟಿ ಅವರ ಮುಂದೆ ಹಾಜರಾಗಬೇಕಾಗಿ ಬರಲಿಲ್ಲ, ಅದರ ಪುಣ್ಯ.

ಆದರೆ ಪರಿಶೀಲನೆ ತಪ್ಪಲಿಲ್ಲ. 2015ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಪ್ರಯೋಗವೊಂದರಲ್ಲಿ, ತೊಡೆಗೆ ಹಚ್ಚಿದ್ದು ಇಂಥ ಪಟ್ಟಿ ಎಂಬುದನ್ನೇ ಜನರಿಗೆ ತಿಳಿಸಲಿಲ್ಲ. ಗೊತ್ತಿಲ್ಲದವರ ಸ್ನಾಯುವಿಗೆ ಹೆಚ್ಚಿನ ಬಲ ಬರಲಿಲ್ಲ. ಚರ್ಮದ ಮೇಲೆ ಏನೋ ಇದೆ ಎಂಬ ಅರಿವು, ಅದರಿಂದ ಬರುವ ಧೈರ್ಯ, ಕೆಲವರಿಗೆ ಕೆಲ ಹೊತ್ತು ನೋವು ಕಡಿಮೆಯಾದ ಭಾವ: ಪಟ್ಟಿಯ ಖಾತೆಯಲ್ಲಿ ಧೈರ್ಯವಾಗಿ ಬರೆಯಬಹುದಾದದ್ದು ಇಷ್ಟು. ತಾಲ್ಲೂಕು ಮಟ್ಟದ ಫೈನಲ್‌ನ ಬೆಳಿಗ್ಗೆ ಧೈರ್ಯವೂ ಸಣ್ಣ ಸಾಮಾನೇನಲ್ಲ.

ಭಾಗ 6: ಮುನ್ನೆಚ್ಚರಿಕೆ

ಈ ಭಾಗದಲ್ಲಿ ತಮಾಷೆಯಿಲ್ಲ. ಉಳುಕಿದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಗಿಣ್ಣಿನ ಮೂಳೆ ಒತ್ತಿದಾಗ ನೋವಾದರೆ, ಮಂಡಿ ‘ಟಕ್’ ಎಂದು ಸದ್ದು ಮಾಡಿ ಕೆಲವೇ ಗಂಟೆಯಲ್ಲಿ ಊದಿಕೊಂಡರೆ, ಪಟ್ಟಿಯನ್ನು ಪೆಟ್ಟಿಗೆಗೆ ಹಾಕಿ ವೈದ್ಯರ ಬಳಿಗೆ ಹೋಗಿ. ಗಾಯ, ಹುಣ್ಣು, ತುರಿಕೆ ಇರುವಲ್ಲಿ ಹಚ್ಚಬೇಡಿ. ನೋವು ಮುಚ್ಚಿಟ್ಟು ಆಡಲು ಪಟ್ಟಿಯನ್ನು ನೆಪ ಮಾಡಿಕೊಳ್ಳಬೇಡಿ. ಭಾನುವಾರದ ಓಟಗಾರರು ಗಮನಿಸಿ: 1,478 ಮೀಟರ್ ಎತ್ತರದ ನಂದಿ ಬೆಟ್ಟವನ್ನು ಹತ್ತುವಾಗ ಉಸಿರು ಮಾತ್ರ ದೂರುತ್ತದೆ. ಮಂಡಿ ದೂರುವುದು ಇಳಿಯುವಾಗ.

ಭಾಗ 7: ತೆಗೆಯುವುದು ಮತ್ತು ವಾರಂಟಿ

ಮೂರರಿಂದ ಐದು ದಿನದ ನಂತರ, ಸ್ನಾನದ ವೇಳೆ, ಎಣ್ಣೆ ಸವರಿ, ಕೂದಲು ಬೆಳೆದ ದಿಕ್ಕಿನಲ್ಲೇ ನಿಧಾನವಾಗಿ ಬಿಡಿಸಿ.

ಹಂಗಾಮು ಪೂರ್ತಿ ಕಾಲು ಉಳುಕದಿದ್ದರೆ ಕೀರ್ತಿಯೆಲ್ಲ ಪಟ್ಟಿಯದು. ಉಳುಕಿದರೆ, ಭಾಗ 4ನ್ನು ಎಷ್ಟು ದಿನ ಮಾಡಿದಿರಿ ಎಂಬ ಲೆಕ್ಕವನ್ನು ಪಿ.ಟಿ. ಮೇಷ್ಟ್ರ ಸಹಿಯೊಂದಿಗೆ ಕಳಿಸಿ. ಅದಿಲ್ಲದ ದೂರುಗಳನ್ನು ಪರಿಗಣಿಸಲಾಗುವುದಿಲ್ಲ. ಪಟ್ಟಿ ಮುಗಿದು ಹೋದರೂ ಪರೀಕ್ಷೆಗಳನ್ನು ಬರಿಗಾಲಲ್ಲೇ ಮುಂದುವರಿಸಬಹುದು, ಫಲಿತಾಂಶ ಹಾಗೇ ಇರುತ್ತದೆ. ಈ ಕೊನೆಯ ವಾಕ್ಯವನ್ನು ದಯವಿಟ್ಟು ಅಂಗಡಿಯವರಿಗೆ ತೋರಿಸಬೇಡಿ.